ರಜೆ ಕೊಡುವವರು ಯಾರು

ಬೆಂಗಳೂರಿನ ಗಿರಣಿಯಲ್ಲಿ ಎರಡು ವರ್ಷ ದುಡಿದು, ಸೈರನ್ನಿಗೂ ಮೇಸ್ತ್ರಿಯ ಬೈಗುಳಕ್ಕೂ ರೋಸಿಹೋಗಿ ದೊಡ್ಡಬಳ್ಳಾಪುರಕ್ಕೆ ವಾಪಸು ಬಂದವನು ನಾನು. ಅದು ಅರವತ್ತರ ದಶಕದ ಕೊನೆ. ನಾವು ಕಂಪನಿ ಎನ್ನುತ್ತಿದ್ದುದಕ್ಕೆ ಕಟ್ಟಡವೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಒಂದು ಮನೆಯಲ್ಲಿ ರೇಷ್ಮೆಗೆ ಬಣ್ಣ, ಇನ್ನೊಂದರಲ್ಲಿ ಮಗ್ಗಕ್ಕೆ ಉದ್ದೆಳೆಯ ಹಾಸು, ನಮ್ಮ ನಡುಮನೆಯಲ್ಲಿ ನೇಯ್ಗೆ. ಮುಗಿದ ಸೀರೆಯನ್ನು ಬೆಂಗಳೂರಿನ ಪೇಟೆಗೆ ಒಯ್ಯುವವರು ಮತ್ತೊಬ್ಬರು. ಇದಕ್ಕೆಲ್ಲ ಒಡೆಯ ಯಾರೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಮೊದಮೊದಲು ನನಗೆ ಸ್ವರ್ಗಕ್ಕೆ ಮೂರೇ ಗೇಣು. ಬಿಸಿ ಮುದ್ದೆ ಉಂಡು ಮಗ್ಗಕ್ಕೆ ಕೂರುತ್ತಿದ್ದೆ, ಬೇಸರವಾದರೆ ಎದ್ದು ಜಗಲಿಯಲ್ಲಿ ಬೀಡಿ ಹಚ್ಚುತ್ತಿದ್ದೆ. ಕೇಳುವವರಿಲ್ಲ. ನೂಲು ಕೆಟ್ಟಾಗ ಮಾತ್ರ ತಲೆ ಕೆಡುತ್ತಿತ್ತು. ಹಾಸಿನವರು ಬಣ್ಣದವರ ಕಡೆ ಕೈ ತೋರಿಸುತ್ತಿದ್ದರು, ಬಣ್ಣದವರು ಪೇಟೆಯ ಕಡೆ.

ಒಂದು ಬೆಳಿಗ್ಗೆ ಬಾಮೈದ ಕುಂದಾಣದಿಂದ ಸೈಕಲ್ಲು ತುಳಿದುಕೊಂಡು ಬಂದ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದ ನನ್ನ ಹೆಂಡತಿಗೆ ನೋವು ಶುರುವಾಗಿ ಕಷ್ಟವಾಗುತ್ತಿತ್ತಂತೆ. "ನೀನು ನಡಿಯಪ್ಪಾ, ಹಿಂದೇನೇ ಬಂದ್ಬಿಡ್ತೀನಿ" ಎಂದು ಅವನನ್ನು ಕಳಿಸಿದೆ. ಮಗ್ಗದ ಮೇಲೆ ಯಾರದೋ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು, ಮರುದಿನ ಕೊಡಬೇಕಾದದ್ದು. ಹೇಳದೆ ಕೇಳದೆ ಹೋಗಿ, ಆಮೇಲೆ ನನಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದರೆ? ರಜೆ ಕೇಳಲು ಹೊರಟೆ.

ಹಾಸಿನ ಮನೆಯ ಯಜಮಾನರು ನಕ್ಕರು. "ನಿನ್ ಮನೆ, ನಿನ್ ಮಗ್ಗ. ನನ್ನನ್ಯಾಕಪ್ಪಾ ಕೇಳ್ತೀಯ? ಬಣ್ಣದವ್ರನ್ನ ಕೇಳ್ನೋಡು."

ಬಣ್ಣದವರು ಕೈ ಒರೆಸಿಕೊಳ್ಳುತ್ತಾ, "ಸೀರೆ ಒಯ್ಯೋರು ಮಧ್ಯಾಹ್ನ ಬರ್ತಾರೆ. ಅವ್ರನ್ನೊಂದ್ ಮಾತು ಕೇಳ್ಬಿಡು ಗುರು" ಎಂದರು.

ಕಾದೆ. ಅವರು ಬಂದದ್ದು ಸಂಜೆಗೆ. "ನಾನು ಗಂಟು ಹೊರೋನು ಕಣಪ್ಪಾ. ಬೇಡ ಅನ್ನೋಕೆ ನಾನ್ಯಾರು?"

ಅಷ್ಟರಲ್ಲಿ ಕಡೆಯ ಬಸ್ಸು ಹೋಗಿತ್ತು. ಬೇಡ ಅಂದವರು ಒಬ್ಬರೂ ಇರಲಿಲ್ಲ, ಹೋಗು ಅಂದವರೂ ಇರಲಿಲ್ಲ. ಸಿಟ್ಟು ಬಂದದ್ದು ಅವರ ಮೇಲೋ ನನ್ನ ಮೇಲೋ ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ಪೆದ್ದನ ಹಾಗೆ ನಿಂತಿದ್ದೆ.

ಮರುದಿನ ಕುಂದಾಣಕ್ಕೆ ಹೋದರೆ ಮಾವನ ಮನೆಗೆ ಬೀಗ. ಹಿಂದಿನ ದಿನವೇ ಗಾಡಿ ಕಟ್ಟಿ ಅವಳನ್ನು ದೇವನಹಳ್ಳಿ ಆಸ್ಪತ್ರೆಗೆ ಒಯ್ದಿದ್ದರು. ನಾನು ಅಲ್ಲಿ ತಲುಪಿದಾಗ ಹೆಣ್ಣುಮಗು ಅತ್ತೆಯ ಮಡಿಲಲ್ಲಿ ಮಲಗಿತ್ತು. ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ನನಗೆ ಅಳು ಬಂತು.

"ಗಾಡೀಲಿ ಸತ್ತೇ ಹೋಗ್ತೀನಿ ಅನ್ಕೊಂಡೆ ಕಣ್ರೀ. ದಾರಿ ನೋಡ್ತಾನೇ ಇದ್ದೆ" ಎಂದಳು.

"ರಜ ಸಿಗ್ಲಿಲ್ಲ" ಎಂದೆ.

"ಯಾರು ಕೊಡ್ಲಿಲ್ಲ?"

ಒಬ್ಬರ ಹೆಸರನ್ನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.