ಗಂಟೆ ಕಟ್ಟಿಕೊಂಡು ಓಡಿದವಳು

ಮತ್ತಿಗಿರಿಯಲ್ಲಿ ಹಾಲಿನವನು ಬರುವುದಕ್ಕೂ ಮುಂಚೆ ನನ್ನ ಮಗಳು ಓಡಲು ಹೊರಡುತ್ತಾಳೆ. ಅವಳು ಹೋದ ದಾರಿಯಲ್ಲೆಲ್ಲ ನನ್ನ ಫೋನಿನೊಳಗೆ ಒಂದು ನೀಲಿ ಚುಕ್ಕೆ ಓಡುತ್ತದೆ. ಅದನ್ನು ನೋಡುತ್ತಾ ಹಾಲು ಉಕ್ಕಿಸುವುದು ನನ್ನ ನಿತ್ಯಕರ್ಮ. ಇವತ್ತು ಆ ಚುಕ್ಕೆ ಕಾರ್ಖಾನೆಯ ಹಿಂಗೋಡೆಯ ಹತ್ತಿರ ನಿಂತಿತು. ಮತ್ತೆ ಅಲ್ಲಾಡಲೇ ಇಲ್ಲ. ಕರೆ ಮಾಡಲು ಹೋದ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡೆ. ಯಾಕೆ ಎಂದು ಕೇಳುತ್ತೀರಿ. ಅದನ್ನು ಹೇಳಲು ನಿಮ್ಮನ್ನು ಅಂಚೆಟ್ಟಿ ಕಡೆಯ ಕಾಡಂಚಿನ ನಮ್ಮೂರಿಗೆ ಕರೆದುಕೊಂಡು ಹೋಗಬೇಕು.

ನಮ್ಮೂರಿಗೆ ಬಸ್ಸು ಬರುವುದೇ ಅಪರೂಪ. ನಾವೆಲ್ಲ ಶಾಲೆಗೆ ನಡೆದು ಹೋಗುತ್ತಿದ್ದೆವು, ನನ್ನ ಅಕ್ಕ ರತ್ನ ಓಡುತ್ತಾ ಹೋಗುತ್ತಿದ್ದಳು. ಶಾಲೆ ಮುಗಿದ ಮೇಲೂ ಓಟ ಬಿಡಲಿಲ್ಲ. ಹೆಣ್ಣು ದೂರ ಓಡಿದರೆ ಗರ್ಭ ಜಾರುತ್ತದೆ ಎಂದು ಊರಿನ ಹೆಂಗಸರು ಗಲ್ಲಕ್ಕೆ ಕೈಯಿಡುತ್ತಿದ್ದರು. ಅವಳಿಗೋ ಮ್ಯಾರಥಾನೇ ಬೇಕಿತ್ತು, ಪೂರಾ ನಲವತ್ತೆರಡು ಕಿಲೋಮೀಟರ್. ನಮ್ಮ ಸೀಮೆಯಲ್ಲಿ ಅಷ್ಟು ದೂರ ಓಡಿದ ಹೆಣ್ಣು ಇರಲಿಲ್ಲ. ಗಂಡಸರೂ ಆನೆ ಅಟ್ಟಿಸಿಕೊಂಡು ಬಂದರೆ ಮಾತ್ರ ಓಡುತ್ತಿದ್ದರು.

ಆನೆಯೇ ಅವ್ವನ ಭಯ. ಮುಂಜಾನೆ ಅದರ ಹೆಸರೆತ್ತಬಾರದೆಂದು ಅವ್ವ ಅದನ್ನು 'ಸಾಮಿ' ಅನ್ನುತ್ತಿದ್ದಳು. ಮೇಯಲು ಹೋಗುವ ಹಸುವಿನ ಕೊರಳ ಗಂಟೆ ಬಿಚ್ಚಿ ಅಕ್ಕನ ಸೊಂಟಕ್ಕೆ ಕಟ್ಟಿದಳು. "ದೂರದಿಂದ್ಲೇ ಸದ್ದು ಕೇಳಿದ್ರೆ ಸಾಮಿ ದಾರಿ ಬುಡ್ತದೆ," ಅಂದಳು. ಅಕ್ಕ ಓಡಿದರೆ ಗಂಟೆಯ ಸದ್ದು ಕಾಡಿನ ತಿರುವಿನವರೆಗೆ ಕೇಳಿಸಿ ನಿಂತುಹೋಗುತ್ತಿತ್ತು. ಅದು ಮತ್ತೆ ಕೇಳಿಸುವ ತನಕ ಅವ್ವನ ಪೊರಕೆ ಅಂಗಳದಲ್ಲಿ ಒಂದೇ ಕಡೆ ಗುಡಿಸುತ್ತಿತ್ತು. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಪುಕ್ಕಲಿ ನಾನು, ಕಂಬ ಹಿಡಿದು ನಿಂತಿರುತ್ತಿದ್ದೆ.

ಒಂದು ದಿನ ಗಂಟೆ ಹಿಂದಿರುಗಲಿಲ್ಲ. ಬಿಸಿಲು ಗುಡ್ಡದಿಂದ ಇಳಿದರೂ ಸದ್ದಿಲ್ಲ. ಅವ್ವ ಕುಡುಗೋಲು ಹಿಡಿದು ಹೊರಟಳು, ನಾನು ಅವಳ ಸೆರಗು ಹಿಡಿದೆ. ತಿರುವು ದಾಟಿದ ಮೇಲೆ ಲಂಟಾನದ ಪೊದೆಯ ಹಿಂದೆ ಅಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಗಂಟೆಗೆ ಎಲೆ ತುರುಕಿ ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು.

"ಸಾಮಿ ಎಲ್ಲೈತೆ?" ಅವ್ವ ಪಿಸುಗುಟ್ಟಿದಳು.

"ಸಾಮಿ ಅಲ್ಲ ಕಣವ್ವ. ಯಾವನೋ ಬೈಕ್ನೋನು. ದಿನಾ ಹಿಂದೆ ಬತ್ತಾನೆ. ಗಂಟೆ ಸದ್ದಿಗೆ ಸಾಮಿ ದೂರ ಹೋಯ್ತದೆ, ಅವನು ಹತ್ರ ಬತ್ತಾನೆ."

"ಯಾಕೆ ಯೋಳ್ಲಿಲ್ಲ?"

"ಯೋಳಿದ್ರೆ ನೀನು ನನ್ ಓಟ ನಿಲ್ಲಿಸ್ಬುಡ್ತಿದ್ದೆ."

ಅವ್ವ ಅಕ್ಕನ ಸೊಂಟದ ಗಂಟೆ ಬಿಚ್ಚಿಕೊಂಡಳು. ಇನ್ನು ಅಕ್ಕನ ಓಟ ಮುಗಿಯಿತು ಎಂದೇ ನಾನು ತಿಳಿದೆ. ಮರುದಿನ ನೋಡಿದರೆ ಗಂಟೆ ಅವ್ವನ ಸೊಂಟದಲ್ಲಿತ್ತು. ಮಂಜಿನಲ್ಲಿ ಅವ್ವ ಗಂಟೆ ಆಡಿಸುತ್ತಾ ಆ ತಿರುವಿನಲ್ಲಿ ನಡೆದಳು, ಅಕ್ಕ ಸದ್ದಿಲ್ಲದೆ ಅವಳ ಆಚೆಗೂ ಈಚೆಗೂ ಓಡಿದಳು. ಗಂಟೆಯನ್ನು ಹುಡುಕಿಕೊಂಡು ಬಂದವನಿಗೆ ಸಿಕ್ಕಿದ್ದು ಅವ್ವ ಮತ್ತು ಅವಳ ಕುಡುಗೋಲು. ಏನು ಮಾತಾಯಿತೋ ಅವ್ವ ಕೊನೆಯವರೆಗೂ ಹೇಳಲಿಲ್ಲ. ಆ ಬೈಕು ಮತ್ತೆ ಬರಲಿಲ್ಲ.

ಅಕ್ಕ ಕೃಷ್ಣಗಿರಿಯಲ್ಲಿ ಓಡಿದಳು, ಚೆನ್ನೈಯಲ್ಲಿ ಓಡಿದಳು. ಮೊದಲ ಪೂರಾ ಮ್ಯಾರಥಾನ್ ಮುಗಿಸಿ ಕಾಲ್ಬೆರಳ ಉಗುರು ಕಳೆದುಕೊಂಡು ಬಂದಾಗ, ಗಲ್ಲಕ್ಕೆ ಕೈಯಿಟ್ಟ ಹೆಂಗಸರೇ ಅರಿಸಿನ ಹಚ್ಚಿದರು. ಅವಳ ಹಿಂದೆ ನಮ್ಮ ಕಡೆಯ ಎಷ್ಟೋ ಹುಡುಗಿಯರು ಓಡಿದರು. ಈಗ ಮೊಣಕಾಲು ಸವೆದಿದೆ, ಓಟ ಕಲಿಸುತ್ತಾಳೆ. ನನ್ನ ಮಗಳಿಗೂ ಅವಳೇ ಗುರು. ಭಯ ಹೋಯಿತೇ ಎಂದು ಅಕ್ಕನನ್ನು ಒಮ್ಮೆ ಕೇಳಿದ್ದೆ.

"ಎಲ್ಲಿ ಹೋಯ್ತದೆ? ನನ್ ಜೊತೇಲೇ ಓಡ್ತದೆ. ನಂಗೆ ಸುಸ್ತಾದ್ರೂ ಅದುಕ್ಕೆ ಸುಸ್ತಾಗಲ್ಲ ಕಣೆ."

ಅವ್ವ ಹೋದ ಮೇಲೆ ಗಂಟೆ ನನ್ನ ಮನೆಯ ದೇವರ ಗೂಡು ಸೇರಿತು. ಇವತ್ತು ಬೆಳಿಗ್ಗೆ ಒಲೆ ಆರಿಸಿ ಅದನ್ನು ತೆಗೆದುಕೊಂಡೆ. ನೈಟಿಯ ಮೇಲೆ ಗಂಟೆ ಕಟ್ಟಿಕೊಂಡ ಹೆಂಗಸನ್ನು ಕಂಪನಿ ಬಸ್ಸಿಗೆ ಕಾಯುತ್ತಿದ್ದವರು ಬಿಟ್ಟ ಕಣ್ಣು ಮುಚ್ಚದೆ ನೋಡಿದರು. ಹಿಂಗೋಡೆಯ ಹತ್ತಿರ ಗಂಟೆ ಆಡಿಸಿದೆ. ಮಣ್ಣಿನ ರಾಶಿಯ ಹಿಂದಿನಿಂದ ಮಗಳು ಎದ್ದು ಬಂದಳು.

"ಅಮ್ಮ, ಎಲ್ಲಿ ಫೋನ್ ಮಾಡ್ಬುಡ್ತೀಯೋ ಅಂತ ಹೆದ್ರಿದ್ದೆ. ಸದ್ದಾಗಿದ್ರೆ ಹಿಂದೆ ಬಂದೋನಿಗೆ ಗೊತ್ತಾಗ್ಬುಡ್ತಿತ್ತು. ಅಗೋ, ಇನ್ನೂ ಅಲ್ಲೇ ಅವ್ನೆ."

ರಸ್ತೆಯ ತುದಿಯಲ್ಲಿ ಒಂದು ಬೈಕಿನ ದೀಪ ನಿಂತಿತ್ತು. ಗಂಟೆಯ ಸದ್ದಿಗೆ ಅದು ನಮ್ಮ ಕಡೆ ನಿಧಾನವಾಗಿ ತಿರುಗಿತು. ನನಗೆ ಭಯವಾಗಿತ್ತು.

"ನೀ ಓಡು," ಅಂದೆ ಮಗಳಿಗೆ. ಗಂಟೆ ಆಡಿಸುತ್ತಾ ಆ ದೀಪದ ಕಡೆಗೆ ನಡೆದೆ.