ಐದು ಸಲ ಹಳೇಬೀಡು

ಸುಮಿತ್ರಮ್ಮ ಪುಟ್ಟಯ್ಯನವರನ್ನು ಮೊದಲು ಕಂಡದ್ದು ಅರಸೀಕೆರೆಯ ಬಸ್ ನಿಲ್ದಾಣದಲ್ಲಿ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಸುಮಿತ್ರಮ್ಮ, ಕಣ್ಣು ಕಾಣದವರನ್ನು ಹೊರಗೆ ಸುತ್ತಾಡಿಸುವ ಒಂದು ಸಣ್ಣ ಗುಂಪನ್ನು ಸೇರಿದ್ದರು. ಗಂಡಸಿಯ ಪುಟ್ಟಯ್ಯ ದೃಷ್ಟಿ ಹೋದ ಮೇಲೆ ಅರಸೀಕೆರೆಯ ಮಗಳ ಮನೆಯ ಜಗಲಿ ಹಿಡಿದು ನಾಲ್ಕು ವರ್ಷವಾಗಿತ್ತು. ಸುಮಿತ್ರಮ್ಮ ಅವರ ರಟ್ಟೆ ಹಿಡಿದು ಬಸ್ಸಿನತ್ತ ನಡೆಸಿದರು.

“ಅಮ್ಮಾವ್ರೇ, ನೀವು ಹಿಡ್ಕೋಬ್ಯಾಡಿ, ನಾನು ಹಿಡ್ಕತೀನಿ. ಎಮ್ಮೆ ಎಳ್ದಂಗೆ ಎಳೀತೀರಲ್ಲ!”

ಎಲ್ಲಿಗೆ ಹೋಗಬೇಕೆಂದು ಅವರನ್ನೇ ಕೇಳಬೇಕು ಎಂಬುದು ಗುಂಪಿನ ನಿಯಮ. ಸುಮಿತ್ರಮ್ಮ ನಿಯಮ ಮೀರುವವರಲ್ಲ, ಕೇಳಿದರು. ಉತ್ತರಕ್ಕೆ ಮಾತ್ರ ಕಾಯಲಿಲ್ಲ.

“ನಂಗೆ ಒಂದ್ಸಲ ಕೊಬ್ಬರಿ ಮಂಡಿ ಕಡೆ...”

“ಧೂಳಲ್ಲಿ ಏನಿದೆ ಪುಟ್ಟಯ್ಯನವರೇ? ಹಳೇಬೀಡಿಗೆ ಹೋಗೋಣ. ಶಿಲ್ಪವನ್ನೆಲ್ಲ ನಾನು ವಿವರಿಸ್ತೀನಿ.”

ವಿವರಿಸಿದರು. ಆನೆಯ ಸಾಲು, ಸಿಂಹದ ಸಾಲು, ಒಂದನ್ನೂ ಬಿಡಲಿಲ್ಲ. ಪುಟ್ಟಯ್ಯ ಗೋಡೆಯನ್ನು ಮುಟ್ಟಹೋದರೆ ಕಾವಲುಗಾರ ಸೀಟಿ ಊದಿದ. ಮರಳುವಾಗ ಪುಟ್ಟಯ್ಯ ಸೌಜನ್ಯಕ್ಕೆ “ಭಾರಿ ಚೆನ್ನಾಗೈತೆ” ಎಂದುಬಿಟ್ಟರು. ಆ ಒಂದು ಮಾತಿನ ಫಲವಾಗಿ ಐದು ತಿಂಗಳಲ್ಲಿ ಐದು ಸಲ ಹಳೇಬೀಡನ್ನು ನೋಡಿದರು. ಅವರ ಬೀದಿಯಲ್ಲಿ ಎರಡೂ ಕಣ್ಣು ನೆಟ್ಟಗಿದ್ದವರು ಯಾರೂ ಅಷ್ಟು ಸಲ ನೋಡಿರಲಿಲ್ಲ.

ಐದನೆಯ ಸಲ ಮನೆಗೆ ಹಿಂತಿರುಗುವಾಗ ಕಲ್ಲೇಶಪ್ಪನವರ ಕೊಬ್ಬರಿ ಮಂಡಿಯ ಮುಂದೆ ಪುಟ್ಟಯ್ಯ ಗಕ್ಕನೆ ನಿಂತರು. ಒಳಗೆ ಚೀಲದಿಂದ ಕಾಯಿ ಸುರಿಯುತ್ತಿದ್ದರು.

“ಹಸೀ ಕಾಯಿ ಬೆರ್ತೈತೆ.”

“ನಿಮಗೆ ಹೇಗೆ ಗೊತ್ತು?”

“ಮೂವತ್ತು ವರ್ಸ ಕಾಯಿ ಆರ್ಸೋದೇ ಕಸುಬು. ಕಿವಿ ಹತ್ರ ಕುಲುಕಿದ್ರೆ ಒಣಗಿದ್ದು ಲೊಡಲೊಡ ಅಂತೈತೆ, ಹಸೀದು ಅನ್ನಲ್ಲ. ಕಣ್ಣು ಹೋಯ್ತು, ಮನೇಲಿರಪ್ಪ ಅಂದ್ರು. ಕೆಲ್ಸ ಮಾಡ್ತಿದ್ದಿದ್ದು ಕಿವಿ ಅಂತ ಒಬ್ರಿಗೂ ಹೊಳೀಲಿಲ್ಲ.”

“ಮೊದಲೇ ಗಟ್ಟಿಯಾಗಿ ಹೇಳಬಾರದಿತ್ತೇ?”

“ನೀವು ಅಷ್ಟು ಆಸೆಯಿಂದ ಹೇಳ್ತಿದ್ರಿ. ಮನೇಲಿ ಕೇಳೋರಿಲ್ವೇನೋ ಪಾಪ ಅಂತ ಸುಮ್ಕಾದೆ.”

ಸುಮಿತ್ರಮ್ಮನವರ ಮುಖ ಕೆಂಪಾಯಿತು. ತೋಳು ನೀಡಿದರು. ಪುಟ್ಟಯ್ಯ ಹಿಡಿದುಕೊಂಡು ಒಳಗೆ ಬಂದರು. ಇವರಿಗೊಂದು ಕೆಲಸ ಕೊಡಿ ಎಂದು ಸುಮಿತ್ರಮ್ಮ ಕೇಳಿದರು.

“ಕಣ್ಣಿಲ್ದೋರಿಗೆ ಏನ್ ಕೆಲ್ಸ ಕೊಡಾನ ಮೇಡಂ?” ಎಂದರು ಕಲ್ಲೇಶಪ್ಪ.

ಪುಟ್ಟಯ್ಯ ಕುಕ್ಕರುಗಾಲಲ್ಲಿ ಕುಳಿತು ಹತ್ತು ಕಾಯಿ ಕುಲುಕಿದರು, ಮೂರನ್ನು ಪಕ್ಕಕ್ಕಿಟ್ಟರು. ಕಲ್ಲೇಶಪ್ಪ ಆ ಮೂರನ್ನೂ ಒಡೆಸಿದರು. ಮೂರರಲ್ಲೂ ನೀರು.

“ಸೋಮವಾರದಿಂದ ಬಾ ಮಾರಾಯ,” ಎಂದರು, ಎಲ್ಲವನ್ನೂ ತಾವೇ ಕಂಡುಹಿಡಿದವರಂತೆ.

ಈಗ ಪುಟ್ಟಯ್ಯ ವಾರಕ್ಕೆ ಮೂರು ದಿನ ಮಂಡಿಯಲ್ಲಿ ಕಾಯಿ ಆರಿಸುತ್ತಾರೆ. ಸುಮಿತ್ರಮ್ಮ ಜೊತೆಗೆ ಬಂದು ಬಿಟ್ಟುಹೋಗುತ್ತಾರೆ. ಹೊಸಬರನ್ನು ಕರೆದೊಯ್ಯುವಾಗ, ಎಲ್ಲಿಗೆ ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕಾಯುತ್ತಾರಂತೆ. ಅದು ಅವರಿಗೆ ಸುಲಭದ ಕೆಲಸವಲ್ಲ. ಅದಕ್ಕೇ ಇರಬೇಕು, ತಿಂಗಳಿಗೊಮ್ಮೆ ಪುಟ್ಟಯ್ಯ ತಾವಾಗಿಯೇ ಅವರನ್ನು ಹಳೇಬೀಡಿಗೆ ಹೊರಡಿಸುತ್ತಾರೆ. ಗೋಡೆಯ ಮುಂದೆ ಕೈಕಟ್ಟಿ ನಿಂತು ಕೇಳುತ್ತಾರೆ.

“ಆನೆ ಆಯ್ತು, ಸಿಂಹ ಆಯ್ತು. ಕುದುರೆಗೆ ಹಾರಿಬಿಟ್ರಲ್ಲ, ನಡುವೆ ಬಳ್ಳಿ ಸಾಲು ಎಲ್ಲಿ ಅಮ್ಮಾವ್ರೇ?”