ಬಾಟಲಿಯಲ್ಲಿ ಸಾಕಿದ ಪಾತರಗಿತ್ತಿ

ಗೋವಿನಜೋಳದ ಎಳೆ ತೆನೆ ಸುಡುವ ವಾಸನೆ ಹೊಲದಿಂದ ಶಾಲೆಯವರೆಗೂ ಬರುತ್ತಿದ್ದ ದಿನಗಳವು. ಬ್ಯಾಡಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಾನಾಗ ಮೂರನೇ ತರಗತಿ. ನಮ್ಮ ಟೀಚರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ಮಳೆ ಹೊಳವಾದರೆ ಸಾಕು, ಅವರು ಪಾಠವನ್ನು ಬಯಲಿಗೇ ಒಯ್ಯುತ್ತಿದ್ದರು.

ಅಂಥದೊಂದು ದಿನ ಶಾಲೆಯ ಹಿಂದಿನ ಲಿಂಬೆಗಿಡದಲ್ಲಿ ನನಗೊಂದು ದಪ್ಪ ಹಸಿರು ಹುಳ ಸಿಕ್ಕಿತು.

"ಇದು ಪಾತರಗಿತ್ತಿ ಆಗತೈತಿ, ಸುಮಾ. ನೀನ ಜ್ವಾಕಿ ಮಾಡು," ಎಂದ ಅಕ್ಕೋರು ಅದನ್ನು ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಕೊಟ್ಟರು. ನಾನು ದಿನಾ ಎಳೆ ಎಲೆ ಹಾಕಿದೆ. ಹುಳ ಕಡ್ಡಿಗೆ ಅಂಟಿಕೊಂಡು ಕೋಶವಾಯಿತು. ಅದನ್ನು ಹತ್ತಿರದಿಂದ ನೋಡಲು ಗೆಳತಿ ಶಿವಲೀಲಾ ತನ್ನ ಶೇಂಗಾ ಉಂಡಿಯಲ್ಲಿ ಅರ್ಧ ಕೊಡುತ್ತಿದ್ದಳು. ಬರುವ ಅತಿಥಿಗೆಂದು ನಾವೆಲ್ಲ ಹಳೆಯ ಲಗ್ನಪತ್ರಿಕೆ ಕತ್ತರಿಸಿ ರೆಕ್ಕೆ ಮಾಡಿ, ಕಸಬರಿಗೆ ಕಡ್ಡಿಯ ಮೀಸೆ ಅಂಟಿಸಿ, ಕಿಟಕಿಯ ಸರಳಿಗೆ ಕಾಗದದ ಪಾತರಗಿತ್ತಿಗಳನ್ನು ಸಾಲಾಗಿ ತೂಗುಬಿಟ್ಟೆವು.

ಒಂದು ಶನಿವಾರ, ಬೆಳಗಿನ ಶಾಲೆ. ಕೋಶ ಕಂದಾಗಿತ್ತು. ಅದರಲ್ಲಿ ಟಾಚಣಿ ಚುಚ್ಚಿದಂಥ ತೂತುಗಳು. ಅವುಗಳೊಳಗಿಂದ ಇರುವೆಗಿಂತ ಸಣ್ಣ, ರೆಕ್ಕೆಯ ಕಪ್ಪು ಹುಳುಗಳು ಒಂದರ ಹಿಂದೊಂದು ಹೊರಬರುತ್ತಿದ್ದವು. ಶಿವಲೀಲಾ ಕಿಟಾರನೆ ಕಿರುಚಿದಳು. ನಾನು ಬಾಟಲಿ ಎತ್ತಿಕೊಂಡು ಅಕ್ಕೋರ ಹತ್ತಿರ ಓಡಿದೆ.

"ಅಕ್ಕೋರ, ನನ್ನ ಪಾತರಗಿತ್ತಿ ಎಲ್ಲಿ ಹೋತ್ರಿ?"

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಅದು ಗಿಡದಾಗ ಇದ್ದಾಗನ ಇವುಗಳ ತಾಯಿ ಅದರಾಗ ತತ್ತಿ ಇಟ್ಟಿತ್ತು ಕಾಣತೈತಿ. ಮರಿ ಒಳಗಿಂದೊಳಗ ಅದನ್ನ ತಿಂದಾವವ್ವಾ."

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಇಲ್ಲವ್ವಾ. ಖರೇ ಹೇಳತೇನಿ, ನಾನೂ ಇವತ್ತ ನೋಡಾಕತ್ತೇನಿ."

"ಕೊಲ್ಲೂಣ್ರಿ ಅಕ್ಕೋರ!" ಎಂದಳು ಶಿವಲೀಲಾ.

"ಬ್ಯಾಡ. ಅವಕ್ಕೂ ಹೊಟ್ಟಿ ಐತಿ. ಸುಮಾ, ಮನಿಗೆ ಹೋಗುವಾಗ ಗಿಡದ ಕೆಳಗ ಬಿಟ್ಟಹೋಗು."

ನಾನು ಬಿಡಲಿಲ್ಲ. ಮನೆಗೆ ಒಯ್ದು, ಬಟ್ಟೆಯ ಮೇಲೆಯೇ ಮುಚ್ಚಳ ಬಿಗಿದು, ಹಿತ್ತಲ ಬಿಸಿಲಿನಲ್ಲಿ ಇಟ್ಟೆ. ಪಕ್ಕದಲ್ಲೇ ಕೂತು ನೋಡಿದೆ. ಮೊದಮೊದಲು ಗಾಜಿಗೆ ಬಡಿದುಕೊಂಡವು. ಆಮೇಲೆ ಒಂದೊಂದೇ ತಳಕ್ಕೆ ಬಿದ್ದವು. ಅವ್ವ ಊಟಕ್ಕೆ ಕರೆಯುವಷ್ಟರಲ್ಲಿ ಒಂದೂ ಅಲ್ಲಾಡುತ್ತಿರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇದನ್ನು ಮಾಡಿದವಳು ನಾನೇ ಎಂದು ನಂಬಲಾಗದೆ ನನ್ನ ಕೈಗಳನ್ನೇ ನೋಡುತ್ತ ಕೂತೆ.

ಸೋಮವಾರ ಅಕ್ಕೋರು ಕೇಳಿದರು: "ಹುಳಾ ಬಿಟ್ಟಿಯೇನವ್ವಾ?"

"ಹೂಂ ರಿ," ಎಂದೆ. ಅವರು ನಕ್ಕು ತಲೆ ಸವರಿದರು.

ಈಗ ರಾಣೆಬೆನ್ನೂರಿನ ಶಾಲೆಯಲ್ಲಿ ನನ್ನ ಮಗಳಿಗೆ ಕಾಗದದ ಚಿಟ್ಟೆಯ ರೆಕ್ಕೆ ಕತ್ತರಿಸಿಯೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮಕ್ಕಳು ಒಳಗೇ ಕೂತು ಅಂಟಿಸುತ್ತಾರೆ, ಬಯಲಿಗೆ ಯಾರೂ ಒಯ್ಯುವುದಿಲ್ಲ. ಅಕ್ಕೋರು ಹೋದ ವರ್ಷ ತೀರಿಕೊಂಡರು. ತಮಗೆ ಗೊತ್ತಿಲ್ಲವೆಂದು ಎಂಟು ವರ್ಷದ ಹುಡುಗಿಯೆದುರು ಒಪ್ಪಿಕೊಂಡಿದ್ದ ಆ ಒಬ್ಬರಿಗೆ ನಾನು ಖರೆ ಹೇಳಬಹುದಿತ್ತು. ಊರಿಗೆ ಹೋದಾಗಲೆಲ್ಲ ಅವರ ಮನೆಯ ಮುಂದೆಯೇ ಹಾದು ಬರುತ್ತಿದ್ದೆ.